ಬಿಎಸ್ಸಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ): ಆರು ಸೆಮಿಸ್ಟರ್‌ಗೆ ಒಂದೇ ಹಾಳೆ

ಹೋದ ವರ್ಷ ಅಡ್ಮಿಷನ್ ಟೇಬಲ್‌ಗೆ ಒಬ್ಬಳು ಹುಡುಗಿ ಅಪ್ಪನ ಜೊತೆ ಬಂದಿದ್ದಳು. ಪಿಯುಸಿಯಲ್ಲಿ ಪಿಸಿಎಂಬಿ. ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕ ಬಂದಿರಲಿಲ್ಲ, ಮುಖ ಬಾಡಿತ್ತು. ಅಪ್ಪನೇ ಮಾತಾಡಿದರು. "ಮೇಡಂ, ಕೆಮಿಸ್ಟ್ರಿ ಕಷ್ಟ ಅಂತಾಳೆ. ಅದಿಲ್ದೇ ಇರೋದು ಯಾವ್ದಾದ್ರೂ ಇದ್ರೆ ಬರ್ಕೊಳ್ಳಿ."

ನಾನು ಪೆನ್ನು ಕೆಳಗಿಟ್ಟೆ. "ಬನ್ನಿ, ಸ್ಟಾಫ್ ರೂಮಿನಲ್ಲಿ ಹತ್ತು ನಿಮಿಷ ಕೂತು ಮಾತಾಡೋಣ" ಅಂದೆ.

ನನ್ನದು ಜುವಾಲಜಿ. ಮಲೆನಾಡಿನ ಒಂದು ತಾಲೂಕು ಕೇಂದ್ರದ ಕಾಲೇಜಿನಲ್ಲಿ 17 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಆ ಹುಡುಗಿಯ ಜಾಗದಲ್ಲಿ ನಾನೂ ಒಮ್ಮೆ ನಿಂತಿದ್ದೆ. ಗೆಳತಿಯರಿಬ್ಬರು ತೆಗೆದುಕೊಂಡರು ಅಂತ ನಾನೂ ಬಾಟನಿ, ಜುವಾಲಜಿ, ಸೆರಿಕಲ್ಚರ್ ತೆಗೆದುಕೊಂಡೆ. ಕೊನೆಯ ವರ್ಷ ಕಿಣ್ವಗಳ ಪಾಠ ಶುರುವಾದಾಗ ಅದರ ಹುಚ್ಚು ಹಿಡಿಯಿತು. ಎಂಎಸ್ಸಿ ಮಾಡಿದರೆ ಬಯೋಕೆಮಿಸ್ಟ್ರಿಯಲ್ಲೇ ಅಂತ ನಿರ್ಧರಿಸಿ ಅರ್ಜಿ ಹಾಕಿದೆ. ಪದವಿಯಲ್ಲಿ ಕೆಮಿಸ್ಟ್ರಿ ಓದಿಲ್ಲ ಅಂತ ಕೌಂಟರಿನಲ್ಲೇ ಅರ್ಜಿ ವಾಪಸ್ ಕೊಟ್ಟರು. ಆ ಬಾಗಿಲನ್ನು ನಾನೇ ಮುಚ್ಚಿಕೊಂಡದ್ದು ಹದಿನೇಳನೇ ವಯಸ್ಸಿನಲ್ಲಿ, ಅದು ಗೊತ್ತಾದದ್ದು ಇಪ್ಪತ್ತಕ್ಕೆ. ಜುವಾಲಜಿಯನ್ನು ಆಮೇಲೆ ಮನಸಾರೆ ಪ್ರೀತಿಸಿದೆ, ಅದು ಬೇರೆ ಮಾತು. ಆದರೆ ಯಾವ ಮಗುವೂ ಗೊತ್ತಿಲ್ಲದೆ ಬಾಗಿಲು ಮುಚ್ಚಿಕೊಳ್ಳಬಾರದು.

ಅದಕ್ಕೇ ನಾನು ಮಕ್ಕಳಿಗೆ ಹೇಳುವುದು: ಕೊನೆಯಿಂದ ಶುರು ಮಾಡಿ. ಮೂರು ವರ್ಷ ಆದ ಮೇಲೆ ಎಲ್ಲಿಗೆ ಹೋಗಬಹುದು ಅಂತ ಎರಡೋ ಮೂರೋ ಜಾಗ ಬರೆದುಕೊಳ್ಳಿ. ಪಕ್ಕಾ ಇರಬೇಕಾಗಿಲ್ಲ, ಹದಿನೆಂಟಕ್ಕೆ ಯಾರಿಗೆ ತಾನೇ ಪಕ್ಕಾ ಗೊತ್ತಿರುತ್ತೆ? ಬರೆದ ಒಂದೊಂದು ಜಾಗವೂ ಒಳಗೆ ಬಿಡೋಕೆ ಏನು ಕೇಳುತ್ತೆ ಅಂತ ನೋಡಿ.

ಎಂಎಸ್ಸಿ ಜುವಾಲಜಿಗೆ ಪದವಿಯಲ್ಲಿ ಜುವಾಲಜಿ, ಬಾಟನಿಗೆ ಬಾಟನಿ ಕೇಳುತ್ತಾರೆ. ಬಯೋಕೆಮಿಸ್ಟ್ರಿಯ ಕಥೆ ಹೇಳಿದೆನಲ್ಲ. ಬಿಎಡ್ ಮಾಡಿ ಹೈಸ್ಕೂಲ್ ಶಿಕ್ಷಕರಾಗಬೇಕು ಅನ್ನುವವರಿಗೆ ನಮ್ಮ ರಾಜ್ಯದಲ್ಲಿ ಹುದ್ದೆಯ ಹೆಸರಲ್ಲೇ ಸಿಬಿಝಡ್ ಅಂತ ಇರುತ್ತೆ. ಕಾಡಿನ ಕೆಲಸದ ಆಸೆ ಇರುವವರು ನಮ್ಮ ಕಡೆ ಜಾಸ್ತಿ. ಅವರು ಇಂಡಿಯನ್ ಫಾರೆಸ್ಟ್ ಸರ್ವಿಸ್‌ನ ಅರ್ಹತೆಯ ಪಟ್ಟಿ ಒಮ್ಮೆ ಓದಲೇಬೇಕು. ಅದರಲ್ಲಿ ಬಾಟನಿ ಇದೆ, ಜುವಾಲಜಿ ಇದೆ, ಕೆಮಿಸ್ಟ್ರಿ ಇದೆ. ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ ಅನ್ನುವ ಹೆಸರಿಲ್ಲ. ಆ ವಿಷಯಗಳು ಕೆಟ್ಟವು ಅಂತಲ್ಲ. ಅವುಗಳ ಜೊತೆಗೆ ಪಟ್ಟಿಯಲ್ಲಿರುವ ಒಂದಾದರೂ ವಿಷಯ ಇಟ್ಟುಕೊಳ್ಳಿ ಅಷ್ಟೇ.

ಇಷ್ಟು ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತೆ, ಅಲ್ವಾ? ಕೆಮಿಸ್ಟ್ರಿ ಇದ್ದರೆ ಹೆಚ್ಚಿನ ಬಾಗಿಲು ತೆರೆದೇ ಇರುತ್ತೆ. ಹೆದರಿ ಬಿಡಬೇಡಿ. ಕಷ್ಟ ಅನ್ನಿಸಿದರೆ ಅದಕ್ಕೆ ಜಾಸ್ತಿ ಗಂಟೆ ಕೊಡೋಣ. ಎಲ್ಲಿಂದ ಕೊಡೋದು ಅಂತ ಮುಂದೆ ಹೇಳುತ್ತೇನೆ.

ಇನ್ನೊಂದು ಎಚ್ಚರ. ಅಣ್ಣ, ಅಕ್ಕ ಹೇಳಿದ ಲೆಕ್ಕ ನಿಮಗೆ ಹೊಂದದೆ ಇರಬಹುದು. ಕರ್ನಾಟಕದಲ್ಲಿ 2021-22ರಿಂದ ಮೂರು ವರ್ಷ ಸೇರಿದವರು ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮದಲ್ಲಿ ಓದಿದರು, ನಾಲ್ಕನೇ ವರ್ಷದ ಆನರ್ಸ್ ಅವಕಾಶವೂ ಇತ್ತು. 2024ರ ಮೇ ತಿಂಗಳಲ್ಲಿ ಸರ್ಕಾರ ಆದೇಶ ಹೊರಡಿಸಿ, 2024-25ರಿಂದ ಮತ್ತೆ ಮೂರು ವರ್ಷದ ಪದವಿ ತಂದಿತು. ಹಾಗಾಗಿ ನೀವು ಸೇರಿದ ವರ್ಷದ ಪಠ್ಯಕ್ರಮವನ್ನೇ ನಿಮ್ಮ ವಿಶ್ವವಿದ್ಯಾಲಯದ ವೆಬ್‌ಸೈಟ್‌ನಿಂದ ಇಳಿಸಿಕೊಳ್ಳಿ. ಆರೂ ಸೆಮಿಸ್ಟರ್‌ದು ಒಟ್ಟಿಗೆ.

ಈಗ ಹಾಳೆ. ನಾನು ಬಳಸುವುದು ಹಳೆ ಗೋಡೆ ಕ್ಯಾಲೆಂಡರಿನ ದಪ್ಪ ಹಾಳೆಯ ಹಿಂಬದಿ. ಆ ದಿನವೂ ಅದನ್ನೇ ಮೇಜಿನ ಮೇಲೆ ಹರಡಿದೆ. ಹುಡುಗಿ ಸ್ಕೇಲ್ ಇಟ್ಟು ಆರು ಚೌಕ ಎಳೆದಳು, ಮೇಲೆ ಮೂರು, ಕೆಳಗೆ ಮೂರು. ಒಂದೊಂದರಲ್ಲೂ ಮೂರು ವಿಷಯದ ಪೇಪರಿನ ಹೆಸರು ಬರೆದಳು. ಆಮೇಲೆ ಕೆಂಪು ಪೆನ್ನಿನಲ್ಲಿ ಬಾಣ ಹಾಕಿಸಿದೆ. ಯಾವ ಪಾಠ ಯಾವುದರ ಮೇಲೆ ನಿಂತಿದೆ ಅನ್ನುವುದಕ್ಕೆ ಆ ಬಾಣ. ಜೀವಕೋಶ ವಿಭಜನೆ ಅರ್ಥವಾಗದೆ ತಳಿಶಾಸ್ತ್ರ ಅರ್ಥವಾಗಲ್ಲ. ಅದಿಲ್ಲದೆ ವಿಕಾಸದ ಪಾಠ ಬರೀ ಬಾಯಿಪಾಠ. ಆರ್ಗ್ಯಾನಿಕ್ ಕೆಮಿಸ್ಟ್ರಿ ಗೊತ್ತಿಲ್ಲದೆ ಚಯಾಪಚಯ ಓದೋಕೆ ಕೂತರೆ ಗ್ಲೂಕೋಸ್ ಒಡೆಯುವ ಗ್ಲೈಕಾಲಿಸಿಸ್‌ನ ಹತ್ತು ಹೆಜ್ಜೆ ಹತ್ತು ಮಂತ್ರದ ಥರ ಕಾಣುತ್ತೆ. ಬಾಣ ಎಳೆಯುತ್ತಾ ಎಳೆಯುತ್ತಾ ಹುಡುಗಿ ಕೈ ನಿಲ್ಲಿಸಿ ಕೇಳಿದಳು, "ಮೇಡಂ, ಎಲ್ಲಾ ಬಾಣನೂ ಕೆಮಿಸ್ಟ್ರಿ ಕಡೆಯಿಂದ್ಲೇ ಬರ್ತಿದೆ ಅಲ್ವಾ?" ಎಲ್ಲವೂ ಅಲ್ಲ, ಆದರೆ ತುಂಬಾ. ಅವಳು ಸಿಬಿಝಡ್ ಸೇರಿದಳು.

ಜಾಸ್ತಿ ಬಾಣ ಹೊರಡುವ ಪೇಪರುಗಳಿಗೆ ಸುತ್ತು ಹಾಕಿ. ಅವು ಫೇಲಾಗಿ ಬ್ಯಾಕ್ ಉಳಿಯದ ಹಾಗೆ ನೋಡಿಕೊಳ್ಳಬೇಕು. ಮೊದಲ ಸೆಮಿಸ್ಟರಿನ ಬ್ಯಾಕ್ ಪೇಪರ್ ಮೂರನೆಯದರ ಪರೀಕ್ಷೆಯ ನಡುವೆ ಬಂದು ಕೂತರೆ ಎರಡೂ ಕೈ ತಪ್ಪುತ್ತೆ. ಇದನ್ನು ಪ್ರತಿ ವರ್ಷ ನೋಡುತ್ತೇನೆ, ಪ್ರತಿ ವರ್ಷ ಹೊಟ್ಟೆ ಉರಿಯುತ್ತೆ.

ಗಂಟೆಯ ಲೆಕ್ಕ ಹೀಗೆ. ನಮ್ಮ ಕಾಲೇಜಿನ ವೇಳಾಪಟ್ಟಿಯಲ್ಲಿ ಒಂದು ವಿಷಯಕ್ಕೆ ವಾರಕ್ಕೆ 4 ಗಂಟೆ ಪಾಠ, 4 ಗಂಟೆ ಪ್ರಾಕ್ಟಿಕಲ್. ಮೂರು ವಿಷಯಕ್ಕೆ 24 ಗಂಟೆ. ಎರಡು ಭಾಷೆಗೆ 8. ಒಟ್ಟು 32. ಹಳ್ಳಿಯಿಂದ ಬರುವವರಿಗೆ ಬಸ್ಸಿನಲ್ಲಿ ದಿನಕ್ಕೆ ಎರಡು ಗಂಟೆ ಹೋಗುತ್ತೆ. ಉಳಿಯುವುದು ಸ್ವಲ್ಪವೇ. ಅದನ್ನು ತಿನ್ನುವುದು ರೆಕಾರ್ಡ್, ಅಂದರೆ ಪ್ರಾಕ್ಟಿಕಲ್ ಬರೆದಿಡುವ ಪುಸ್ತಕ. ಪ್ರಾಕ್ಟಿಕಲ್ ಮುಗಿದ ಸಂಜೆಯೇ ಚಿತ್ರ ಬರೆದು ಗುರುತು ಮಾಡಿದರೆ ಒಂದು ಗಂಟೆ ಸಾಕು, ನೋಡಿದ್ದು ಕಣ್ಣಲ್ಲಿ ಹಸಿಯಾಗಿರುತ್ತೆ. ತಿಂಗಳ ಕೊನೆಗೆ ಇಟ್ಟರೆ ಪಕ್ಕದವರ ಪುಸ್ತಕ ನೋಡಿ ಬರೆಯಬೇಕು, ಭಾನುವಾರಗಳೆಲ್ಲ ಅದಕ್ಕೇ ಹೋಗುತ್ತೆ. ಕೆಮಿಸ್ಟ್ರಿಗೆ ಜಾಸ್ತಿ ಗಂಟೆ ಅಂದೆನಲ್ಲ, ಅದು ಸಿಗುವುದು ಈ ಭಾನುವಾರಗಳಿಂದ.

ಯಾರೂ ಹೇಳಿಕೊಡದ ಇನ್ನೊಂದು ಲೆಕ್ಕ ಮಳೆಯದು. ನಾವು ಓದುವ ಜೀವಿಗಳಿಗೆ ಸೆಮಿಸ್ಟರ್ ಗೊತ್ತಿಲ್ಲ. ಬ್ರಯೋಫೈಟ್‌ಗಳ (ಹಾವಸೆಯಂಥ ಪುಟ್ಟ ಗಿಡಗಳ) ಪಾಠ ಜನವರಿಯ ನಂತರ ಬಂದರೂ ಅವುಗಳಲ್ಲೊಂದಾದ ರಿಕ್ಸಿಯಾ ಸಿಗುವುದು ಮಳೆಗಾಲದ ಒದ್ದೆ ನೆಲದಲ್ಲೇ. ಕಾಂಪೌಂಡ್ ಗೋಡೆಯ ಹಾವಸೆ ಹಸಿರಾಗಿರುವುದೂ ಆಗಲೇ. ಕಪ್ಪೆಗಳ ಕೂಗು ಕೇಳಿ ಗುರುತಿಸಬೇಕಾದರೆ ಜೂನ್, ಜುಲೈ ರಾತ್ರಿಗಳು. ಅದಕ್ಕೆ ಪಠ್ಯಕ್ರಮವನ್ನು ಒಂದು ಸೆಮಿಸ್ಟರ್ ಮುಂದಾಗಿ ಓದಿ, ಏನೇನು ಮಳೆಯಲ್ಲಿ ಸಂಗ್ರಹಿಸಬೇಕೋ ಅದನ್ನು ಹಾಳೆಯಲ್ಲಿ ನೀಲಿ ಶಾಯಿಯಲ್ಲಿ ಬರೆಯಿರಿ. ಹರ್ಬೇರಿಯಂಗೆ ಗಿಡ ಒಣಗಿಸುವವರು ಮಳೆಗಾಲದಲ್ಲಿ ದಿನಾ ನ್ಯೂಸ್‌ಪೇಪರ್ ಬದಲಾಯಿಸಬೇಕು, ಇಲ್ಲದಿದ್ದರೆ ಮೂರನೇ ದಿನಕ್ಕೆ ಬೂಷ್ಟು. ನಮ್ಮ ಮಕ್ಕಳು ಒಲೆಯ ಮೇಲಿನ ಅಟ್ಟದಲ್ಲಿ, ಭಾರದ ಕಲ್ಲಿನ ಕೆಳಗೆ ಇಡುತ್ತಾರೆ. ಚೆನ್ನಾಗಿ ಒಣಗುತ್ತೆ. ಅಂಟಿಸುವ ಹಾಳೆಯ ಅಳತೆ 29 x 42 ಸೆಂಟಿಮೀಟರ್. ಗಿಡ ಕೀಳುವಾಗಲೇ ಆ ಅಳತೆ ನೆನಪಿರಲಿ.

ಈರುಳ್ಳಿ ಬೇರಿನಲ್ಲಿ ಮೈಟಾಸಿಸ್ (ಕೋಶ ವಿಭಜನೆ) ನೋಡುವುದಕ್ಕೂ ದಿನದ ಲೆಕ್ಕ ಇದೆ. ನನ್ನ ಬಿಎಸ್ಸಿ ಪ್ರಾಕ್ಟಿಕಲ್ ಪರೀಕ್ಷೆಗೆ ನಾವು ಹಿಂದಿನ ರಾತ್ರಿ ಈರುಳ್ಳಿ ಇಟ್ಟೆವು. ಬೆಳಗ್ಗೆ ನೋಡಿದರೆ ಬೇರಿನ ಸುಳಿವೇ ಇಲ್ಲ. ಹೊಸ ಫಸಲಿನ ಈರುಳ್ಳಿ ಬೇಗ ಬೇರು ಬಿಡಲ್ಲ, ಚೆನ್ನಾಗಿ ಒಣಗಿದ ಹಳೆಯದೇ ಬೇಕು. ಬುಡದ ಒಣ ಬೇರನ್ನು ಬ್ಲೇಡಿನಲ್ಲಿ ಕೆರೆದು, ಲೋಟದ ಬಾಯಿ ಮೇಲೆ ಬುಡ ಮಾತ್ರ ನೀರಿಗೆ ತಾಗುವ ಹಾಗೆ ಕೂರಿಸಿ, ಎರಡು ಮೂರು ದಿನ ಬಿಡಿ. ನೀರು ದಿನಾ ಬದಲಾಯಿಸಿ. ಬೇರು ಒಂದೆರಡು ಸೆಂಟಿಮೀಟರ್ ಆದಾಗ ಬೆಳಗಿನ ಹೊತ್ತು ತುದಿ ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಸಿಡ್, ಮೂರು ಪಾಲು ಆಲ್ಕೋಹಾಲ್ ಬೆರೆಸಿದ ದ್ರಾವಣಕ್ಕೆ ಹಾಕಿ. ಅಂದರೆ ದ್ರಾವಣದಲ್ಲಿ ಇಡುವ ಸಮಯವೂ ಸೇರಿ, ಪರೀಕ್ಷೆ ಸೋಮವಾರ ಇದ್ದರೆ ಈರುಳ್ಳಿ ಬುಧವಾರವೇ ಲೋಟದ ಮೇಲೆ ಕೂರಬೇಕು. ಸ್ಲೈಡಿನಲ್ಲಿ ಕ್ರೋಮೋಸೋಮುಗಳು ಕೋಶದ ನಡುವೆ ಸಾಲಾಗಿ ನಿಂತದ್ದನ್ನು ಮೊದಲ ಸಲ ನೋಡಿದಾಗ ಮಕ್ಕಳು ಸುಮ್ಮನಾಗಿಬಿಡುತ್ತಾರೆ. ಆ ಕ್ಷಣಕ್ಕೋಸ್ಕರ ನಾನು ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ.

ಎರಡನೇ ವರ್ಷದ ಚೌಕದಲ್ಲಿ ನವೆಂಬರ್ ಅಂತ ದೊಡ್ಡದಾಗಿ ಬರೆಯಿರಿ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತೆ. ಎರಡು ತಿಂಗಳು ದೊಡ್ಡ ಪ್ರಯೋಗಾಲಯದಲ್ಲಿ ಕೆಲಸ. ಅರ್ಜಿ ಸಾಮಾನ್ಯವಾಗಿ ನವೆಂಬರಿನಲ್ಲಿ ಮುಗಿಯುತ್ತೆ. ನೀವೇ ಬರೆದ ಚಿಕ್ಕ ಟಿಪ್ಪಣಿ ಬೇಕು, ಒಬ್ಬರು ಅಧ್ಯಾಪಕರ ಶಿಫಾರಸು ಪತ್ರ ಬೇಕು. ಕ್ಲಾಸಿನಲ್ಲಿ ಒಂದು ದಿನವೂ ಬಾಯಿ ಬಿಡದ ವಿದ್ಯಾರ್ಥಿ ಬಗ್ಗೆ ನಾನು ಏನು ಬರೆಯಲಿ? ಮೊದಲ ವರ್ಷದಿಂದಲೇ ಒಬ್ಬರು ಮೇಷ್ಟ್ರನ್ನಾದರೂ ಪರಿಚಯ ಮಾಡಿಕೊಳ್ಳಿ. ಪ್ರಶ್ನೆ ಕೇಳಿ. ಬೈಯಲ್ಲ.

ಗಣಿತವನ್ನು ಪೂರ್ತಿ ಬಿಡಬೇಡಿ. ಐಐಟಿಗಳ ಎಂಎಸ್ಸಿಗೆ ನಡೆಯುವ ಜ್ಯಾಮ್ ಪರೀಕ್ಷೆಯ ಬಯೋಟೆಕ್ನಾಲಜಿ ಪೇಪರಿನಲ್ಲಿ ಜೀವಶಾಸ್ತ್ರದ ಜೊತೆ ಕೆಮಿಸ್ಟ್ರಿ, ಗಣಿತ, ಫಿಸಿಕ್ಸ್ ಕೂಡ ಬರುತ್ತೆ. ಪಿಯುಸಿ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ, ವಾರಕ್ಕೆ ಎರಡು ಗಂಟೆ ತೆರೆಯಿರಿ. ಜ್ಯಾಮ್ ನಡೆಯುವುದು ಫೆಬ್ರವರಿಯಲ್ಲಿ, ಅರ್ಜಿ ಅದಕ್ಕೂ ಹಿಂದಿನ ಸೆಪ್ಟೆಂಬರ್ ಹೊತ್ತಿಗೆ. ಅಂದರೆ ಐದನೇ ಸೆಮಿಸ್ಟರ್ ಆಗ ತಾನೇ ಶುರುವಾಗಿರುತ್ತೆ. ಡಿಗ್ರಿ ಮುಗಿಸಿ ಆಮೇಲೆ ನೋಡೋಣ ಅಂದವರಿಗೆ ಒಂದು ವರ್ಷ ಹೋಯಿತು.

ಅಂಕಿಅಂಶ ಶಾಸ್ತ್ರಕ್ಕೆ ಬೇರೆ ಪುಸ್ತಕ ಹುಡುಕುವ ಮೊದಲು ಒಂದು ಹಿಡಿ ಬೀಜ ಎಣಿಸಿ. ಎರಡು ಬಣ್ಣದ ಬೀಜ ಸಮ ಸಂಖ್ಯೆಯಲ್ಲಿ ಬೆರೆಸಿ, ಕಣ್ಣು ಮುಚ್ಚಿ ಜೋಡಿ ಜೋಡಿ ತೆಗೆದು ಬರೆಯಿರಿ. ಒಂದು ಬಣ್ಣದ ಜೋಡಿ, ಬೆರಕೆ ಜೋಡಿ, ಇನ್ನೊಂದು ಬಣ್ಣದ ಜೋಡಿ 1:2:1 ಬರಬೇಕು, ಸರಿಯಾಗಿ ಬರಲ್ಲ. ಎಷ್ಟು ವ್ಯತ್ಯಾಸ ಆದರೆ ಪರವಾಗಿಲ್ಲ ಅಂತ ಹೇಳುವುದೇ ಕೈ-ಸ್ಕ್ವೇರ್. ಆ ಮೇಲೆ ಬೇಕಾದರೆ ಐಐಟಿಗಳ ಆನ್‌ಲೈನ್ ಪಾಠದ ತಾಣ ಎನ್‌ಪಿಟಿಇಎಲ್‌ನ 8 ಅಥವಾ 12 ವಾರದ ಒಂದು ಕೋರ್ಸ್ ತೆಗೆದುಕೊಳ್ಳಿ. ಸೇರುವುದು ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಬೇಡ.

ಹಾಳೆಯನ್ನು ಗೋಡೆಗೆ ಅಂಟಿಸಿಡಿ, ಪ್ರತಿ ಫಲಿತಾಂಶ ಬಂದಾಗಲೂ ಇಳಿಸಿ, ತಿದ್ದಿ, ಮತ್ತೆ ಅಂಟಿಸಿ. ಆ ಹುಡುಗಿ ಮೊದಲ ಸೆಮಿಸ್ಟರ್ ಆದ ಮೇಲೆ ಹಾಳೆ ಸುತ್ತಿಕೊಂಡು ಬಂದಿದ್ದಳು. ಕೆಮಿಸ್ಟ್ರಿಯಲ್ಲಿ ಪಾಸಾಗಿದ್ದಳು, ಅಂಕ ಕಡಿಮೆ ಇತ್ತು. ಕೊನೆಯಲ್ಲಿ ಬರೆದಿದ್ದ ಎರಡು ಜಾಗದಲ್ಲಿ ಒಂದನ್ನು ಹೊಡೆದು, ಅದರ ಪಕ್ಕ 'ವೈಲ್ಡ್‌ಲೈಫ್' ಅಂತ ಬರೆದಿದ್ದಳು. ನಾವಿಬ್ಬರೂ ಕೂತು ಬಾಣಗಳನ್ನು ಮತ್ತೆ ನೋಡಿದೆವು. ಎರಡು ಮಾತ್ರ ಬದಲಾಯಿಸಬೇಕಾಯಿತು.

ಹಾಳೆಯ ಹಿಂದೆ ಒಂದು ಲಕೋಟೆ ಅಂಟಿಸಿ. ಅದರಲ್ಲಿ ಮಾರ್ಕ್ಸ್ ಕಾರ್ಡುಗಳ ಜೆರಾಕ್ಸ್ ಮತ್ತು ಮೊದಲ ವಾರ ಇಳಿಸಿಕೊಂಡ ಪಠ್ಯಕ್ರಮದ ಪ್ರಿಂಟ್ ಇರಲಿ. ನಾಲ್ಕು ವರ್ಷ ಆದ ಮೇಲೆ ಯಾವುದೋ ಕೋರ್ಸಿನವರು "ನೀವು ಡಿಗ್ರಿಯಲ್ಲಿ ಓದಿದ್ದೇನು ತೋರಿಸಿ" ಅಂತ ಕೇಳುತ್ತಾರೆ. ಆಗ ವೆಬ್‌ಸೈಟ್‌ನಲ್ಲಿ ಹೊಸ ಪಠ್ಯಕ್ರಮ ಇರುತ್ತೆ, ನಿಮ್ಮದು ಇರಲ್ಲ.