ಗಲ್ಲಾಪೆಟ್ಟಿಗೆ ಇಲ್ಲದ ಗ್ಯಾಲರಿ

ಸಂಬಳದ ಜನ ಇಲ್ಲದೆ ಮಲೆನಾಡಿನ ಸಾಗರದಂಥ ಊರಲ್ಲಿ ಕಲಾ ಗ್ಯಾಲರಿ ಎರಡು ಮಳೆಗಾಲ ದಾಟುವುದಿಲ್ಲ ಅಂದವರೇ ಈಗ ನಮ್ಮ ಗ್ಯಾಲರಿಗೆ ಬಂದು ಚಿತ್ರ ತೂಗುಹಾಕುವ ಪೈಪಿನ ಅಳತೆ ಬರೆದುಕೊಂಡು ಹೋಗುತ್ತಿದ್ದಾರೆ. ಹಾಗಾಗಿ ಎಲ್ಲರಿಗೂ ಒಟ್ಟಿಗೇ ಹೇಳಿಬಿಡುತ್ತೇನೆ.

ಜಾಗ ಹಳೇ ಅಡಿಕೆ ಗೋದಾಮು, ಜಂಬಿಟ್ಟಿಗೆ ಗೋಡೆ. ನೆಲದಿಂದ ಮೂರಡಿವರೆಗೆ ತೇವ ಏರುತ್ತದೆ, ಮೊಳೆ ಹೊಡೆದರೆ ಗಾರೆ ಉದುರುತ್ತದೆ. ಗೋಡೆಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ಹೊಡೆಸಿದ್ದು ಮೊದಲ ಜುಲೈಗೇ ಅಂಚು ಉಬ್ಬಿ ಹಪ್ಪಳವಾಯಿತು. ಸುಮಾರು ಹದಿನಾಲ್ಕು ಸಾವಿರ ನೀರುಪಾಲು. ಈಗಿರುವುದು ಗೋಡೆಯಿಂದ ಮೂರಿಂಚು ಬಿಟ್ಟು, ಜಂತಿಯಿಂದ ಇಳಿಬಿಟ್ಟ ಅರ್ಧ ಇಂಚಿನ ಜಿಐ ಪೈಪು. ನಾಲ್ಕಡಿಗೊಂದು ಕ್ಲಾಂಪು. ಅದಕ್ಕಿಂತ ದೂರವಾದರೆ ನಡುವೆ ಪೈಪು ಜೋತುಬಿದ್ದು ಸಾಲಿನ ಚಿತ್ರಗಳೆಲ್ಲ ಏರುಪೇರಾಗುತ್ತವೆ. ಪೈಪಿನಿಂದ ಚಿತ್ರ ಇಳಿಬಿಡಲು ತಂಗೂಸಿ ದಾರ ಅಗ್ಗ, ಕಣ್ಣಿಗೂ ಕಾಣುವುದಿಲ್ಲ. ಆದರೆ ವಾರದಲ್ಲಿ ಹಿಗ್ಗುತ್ತದೆ, ಗಂಟು ಜಾರುತ್ತದೆ. ಒಂದೂವರೆ ಎಂಎಂ ಸ್ಟೀಲ್ ಹಗ್ಗವೇ ಸರಿ. ಕೊಕ್ಕೆಯನ್ನು ಫ್ರೇಮಿನ ಮೇಲಿನ ಮೂರನೇ ಒಂದು ಭಾಗದಲ್ಲಿ ಹಾಕಿ, ಇಲ್ಲದಿದ್ದರೆ ಚಿತ್ರ ಮುಂದಕ್ಕೆ ಬಾಗುತ್ತದೆ. ಚಿತ್ರದ ನಡುಭಾಗ ನೆಲದಿಂದ ನಾಲ್ಕು ಮುಕ್ಕಾಲು ಅಡಿ. ಶಾಲೆ ಮಕ್ಕಳೇ ಹೆಚ್ಚು ಬರುವ ತಿಂಗಳು ನಾಲ್ಕೂವರೆ.

ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡಿದರೆ ಬೂಷ್ಟಿನ ಮುಕ್ಕಾಲು ಕಾಟ ಮುಗಿಯಿತು. ಕಾಗದದ ಮೇಲಿನ ಕೆಲಸ ಗಾಜಿಗೆ ತಾಗಲೇಬಾರದು, ಮಧ್ಯೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟು) ಬೇಕು. ಫ್ರೇಮಿನ ಬೆನ್ನಿಗೆ ಮೈದಾ ಅಂಟಿನಿಂದ ಕಾಗದ ಹಚ್ಚಿಸಿದರೆ ಕಾಗದ ತಿನ್ನುವ ಬೆಳ್ಳಿ ಬಣ್ಣದ ಹುಳಕ್ಕೆ ಊಟ ಬಡಿಸಿದ ಹಾಗೆ. ಇದ್ದಿಲ ಚೀಲ, ಬಕೆಟಿನಲ್ಲಿ ಕಲ್ಲುಪ್ಪು ಎಲ್ಲ ಇಟ್ಟು ನೋಡಿದ್ದಾಯಿತು: ತೇವಾಂಶದ ಮೀಟರ್ 90ರ ಹತ್ತಿರದಿಂದ ಕದಲಲಿಲ್ಲ. ಗಾಳಿಯ ತೇವ ಎಳೆಯುವ ಯಂತ್ರ, ಹಳೇ ಡಿಹ್ಯುಮಿಡಿಫೈಯರ್ ಒಂದು ಸಿಕ್ಕ ಮೇಲೆ, ಬಾಗಿಲು ಮುಚ್ಚಿಟ್ಟರೆ 65ರ ಆಸುಪಾಸು ನಿಲ್ಲುತ್ತದೆ. ಮಳೆಗಾಲದಲ್ಲಿ ಕರೆಂಟ್ ಬಿಲ್ಲು ತಿಂಗಳಿಗೆ ಎರಡು ಸಾವಿರ ಜಾಸ್ತಿ, ಅಷ್ಟೆ.

ಬಾಗಿಲು ತೆರೆಯುವುದು ಶುಕ್ರವಾರದಿಂದ ಭಾನುವಾರ, ಸಂಜೆ ನಾಲ್ಕರಿಂದ ಎಂಟು. ಇಬ್ಬರ ಪಾಳಿ, ಕೀಲಿ ಎರಡು ಮನೆಯಲ್ಲಿ. ದಿನಾ ತೆರೆದ ಕಾಲದಲ್ಲಿ ಸ್ವಯಂಸೇವಕರು ಮೂರೇ ತಿಂಗಳಿಗೆ ಸುಸ್ತಾದರು. ಅಡಿಕೆ ಕೊಯ್ಲಿನಲ್ಲಿ ಶುಕ್ರವಾರವೂ ರಜೆ. ಆಗ ಯಾರನ್ನು ಕರೆದರೂ ಬರುವುದಿಲ್ಲ, ಕರೆಯುವುದೂ ತಪ್ಪು.

ದುಡ್ಡಿನದೇ ದೊಡ್ಡ ವಾದ. ಚಿತ್ರಕ್ಕೆ ಇನ್ನೂರು ರೂಪಾಯಿ ಪ್ರದರ್ಶನ ಶುಲ್ಕ ಇಟ್ಟಾಗ ಹೊಸಬರು ಬರಲಿಲ್ಲ. ಶೇ. 30 ಕಮಿಷನ್ ಇಟ್ಟಾಗ ವ್ಯಾಪಾರ ರಸ್ತೆಯಾಚೆಯ ಟೀ ಅಂಗಡಿಯಲ್ಲಿ ಕುದುರತೊಡಗಿತು. ಈಗ ಲೇಬಲ್ಲಿನ ಮೇಲೆ ಕಲಾವಿದರದೇ ಯುಪಿಐ ಕ್ಯೂಆರ್. ಪೂರ್ತಿ ಹಣ ನೇರ ಅವರಿಗೆ, ಆಮೇಲೆ ಅವರೇ ಶೇ. 15 ನಮಗೆ ಕಳಿಸಬೇಕು. ಯಾರು ಕಳಿಸುತ್ತಾರೆ ಎಂದು ನಕ್ಕವರಿದ್ದರು. ಹತ್ತರಲ್ಲಿ ಒಂಬತ್ತು ಸಲ ಬರುತ್ತದೆ, ಅದೂ ವಾರದೊಳಗೆ. ಉಳಿದ ಒಂದಕ್ಕೂ ಒಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಚಿತ್ರ ಒಳಗೆ ಬರುವಾಗ ರಸೀದಿ ಎರಡು ಪ್ರತಿ: ಅಳತೆ, ಮಾಧ್ಯಮ, ಬೆಲೆ, ನಾಲ್ಕು ಮೂಲೆಗಳ ಫೋಟೋ. ಈ ಫೋಟೋ ಇಲ್ಲದಿದ್ದರೆ ವಾಪಸ್ ಒಯ್ಯುವ ದಿನ ಗೀರು ಯಾರದೆಂಬ ಜಗಳ ಖಚಿತ.

ಇದರ ನಡುವೆ ಹಸೆ ಚಿತ್ತಾರದ ಪ್ರಯೋಗ. ಅಂದರೆ ನಮ್ಮ ಕಡೆಯ ದೀವರು ಸಮುದಾಯದ ಮನೆಗಳ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಗೆರೆ ಎಳೆಯುವುದು. ಅದನ್ನೇ ರಟ್ಟಿನ ಮೇಲೆ ಮಾಡಿಸಿದರೆ ತೇವಕ್ಕೆ ರಟ್ಟು ಬಾಗುತ್ತದೆ, ಬಿಳಿ ಗೆರೆ ಚಕ್ಕೆ ಏಳುತ್ತದೆ. ಪ್ಲೈವುಡ್ ಪರವಾಗಿಲ್ಲ, ಆದರೆ ಮಣ್ಣು ಸರಿಯಾಗಿ ಹಿಡಿಯದು. ಎಂಟು ಎಂಎಂ ಸಿಮೆಂಟ್ ಬೋರ್ಡಿಗೆ ಕೆಮ್ಮಣ್ಣನ್ನು ತೆಳುವಾಗಿ ಮೂರು ಕೈ ಬಳಿದು, ಪ್ರತಿ ಸಲ ಪೂರ್ತಿ ಒಣಗಿಸಿದ್ದು ನಿಂತಿತು. ಎರಡಡಿ ಚೌಕ ನಾಲ್ಕು ಕೆಜಿಯ ಆಸುಪಾಸು ತೂಗುತ್ತದೆ, ಕ್ಲಾಂಪನ್ನು ಎರಡಡಿಗೊಂದು ಮಾಡಿಕೊಳ್ಳಿ. ಜಿರಲೆ ಮುಟ್ಟದಂತೆ ಹಿಟ್ಟಿಗೆ ಏನು ಬೆರೆಸುತ್ತಾರೆ ಎಂಬುದನ್ನು ಆ ಅಕ್ಕಂದಿರನ್ನೇ ಕೇಳಿ. ಹೇಳುವುದು ಬಿಡುವುದು ಅವರಿಷ್ಟ.