ಹಳೇ ಡೆಸ್ಕ್‌ಟಾಪ್‌ಗೆ 4 ಟಿಬಿ ಡಿಸ್ಕ್: ದುಡ್ಡು ಕೊಡುವ ಮುಂಚೆ ಕ್ಯಾಬಿನೆಟ್ ಬಿಚ್ಚಿ ನೋಡಿ

ಮಂಡ್ಯದ ಕಡೆ ಫೋಟೋ ಸ್ಟುಡಿಯೋಗಳಲ್ಲಿ ಈಗಲೂ ಹಳೇ ಸಿಸ್ಟಂಗಳು ಓಡುತ್ತಲೇ ಇವೆ. ಜಿ31 ಮದರ್‌ಬೋರ್ಡು, ಕೋರ್ 2 ಡ್ಯುಯೋ ಪ್ರೊಸೆಸರ್, 500 ಜಿಬಿ ಡಿಸ್ಕು. ಎರಡು ಮದುವೆ ವಿಡಿಯೋ ತುಂಬಿದರೆ ಡ್ರೈವ್ ಪಟ್ಟಿ ಕೆಂಪಾಗುತ್ತದೆ. ಕೇಳಿದರೆ "ಹೊಸ ಸಿಸ್ಟಂ ತಗೊಂಡ್ಬಿಡಿ ಸಾರ್" ಅನ್ನುತ್ತಾರೆ. ಜಾಗ ಸಾಲದು ಅನ್ನೋದೊಂದೇ ತೊಂದರೆಯಾದರೆ ಅದೇನೂ ಬೇಡ, ಇದೇ ಡಬ್ಬಕ್ಕೆ 4 ಟಿಬಿ ಹಾಕಬಹುದು. ಆದರೆ ವಿಂಡೋಸ್ ಹಳೇ ಡಿಸ್ಕಲ್ಲೇ ಇರಲಿ. ಹೊಸದು ಬರೀ ಫೈಲ್ ಇಡೋಕೆ.

ಯಾಕೆ ಅಂದರೆ, ಡಿಸ್ಕಲ್ಲಿ ಯಾವ ಭಾಗ ಎಲ್ಲಿದೆ ಅಂತ ಬರೆದಿಡೋ ಹಳೇ ಎಂಬಿಆರ್ ಪದ್ಧತಿಯಲ್ಲಿ ಸೆಕ್ಟರ್ (ಡಿಸ್ಕಿನ ಒಂದೊಂದು ಚಿಕ್ಕ ತುಂಡು) ನಂಬರ್ ಬರೆಯೋಕೆ ಇರೋದು 32 ಬಿಟ್ ಮಾತ್ರ, ಒಂದು ಸೆಕ್ಟರ್‌ಗೆ 512 ಬೈಟ್ ಅಂತ ಗುಣಿಸಿದರೆ ಸುಮಾರು 2.2 ಟಿಬಿಗೆ ಲೆಕ್ಕ ಮುಗಿಯಿತು. ಅದಕ್ಕಿಂತ ದೊಡ್ಡ ಡಿಸ್ಕ್ ಪೂರ್ತಿ ಸಿಗಬೇಕಾದರೆ ಅದರ ಹೊಸ ಪದ್ಧತಿ ಜಿಪಿಟಿ ಬೇಕು. ಜಿಪಿಟಿ ಡಿಸ್ಕಿಂದ ವಿಂಡೋಸ್ ಬೂಟ್ ಆಗೋಕೆ, ಅಂದರೆ ಶುರುವಾಗೋಕೆ, ಬೋರ್ಡಲ್ಲಿ ಯುಇಎಫ್‌ಐ ಅನ್ನೋ ಹೊಸ ಥರದ ಸಾಫ್ಟ್‌ವೇರ್ ಬೇಕು, ಈ ಬೋರ್ಡುಗಳಲ್ಲಿ ಇರೋದು ಅದರ ಹಳೇ ರೂಪ ಬಯಾಸ್. ಫೈಲ್ ಇಡೋ ಡಿಸ್ಕಿಗೆ ಈ ಕಟ್ಟುಪಾಡಿಲ್ಲ, 32 ಬಿಟ್‌ನ ವಿಂಡೋಸ್ 7 ಕೂಡ ಜಿಪಿಟಿ ಓದುತ್ತದೆ. 32 ಬಿಟ್ ಎಕ್ಸ್‌ಪಿ ಓದಲ್ಲ. ಇನ್ನೂ ಅದರಲ್ಲೇ ಇದ್ದೀರಾ? ಹಾಗಾದರೆ 2 ಟಿಬಿ ತಗೊಂಡು ಸುಮ್ನೆ ಇರಿ.

ಈಗ ಪವರ್ ಕೇಬಲ್ ಕಿತ್ತು ಪಕ್ಕದ ಬಾಗಿಲು ತೆಗೆಯಿರಿ. ಮೊದಲು ಧೂಳು ಹೊಡೆಯಿರಿ, ಅದು ಹೇಗೂ ಇರುತ್ತದೆ. ಬೋರ್ಡಲ್ಲಿ ಸಾಟಾ ಪೋರ್ಟ್ (ಡಿಸ್ಕಿನ ಡೇಟಾ ಕೇಬಲ್ ಸಿಕ್ಕಿಸೋ ಜಾಗ) ಖಾಲಿ ಇದೆಯಾ ನೋಡಿ. ಜಿ31ರಲ್ಲಿ ಸಾಮಾನ್ಯವಾಗಿ ನಾಲ್ಕು ಇರುತ್ತವೆ. ಎಲ್ಲ ತುಂಬಿದ್ದರೆ ಡಿವಿಡಿ ರೈಟರ್ ಕಿತ್ತುಬಿಡಿ, ಯಾರು ಬಳಸುತ್ತಾರೆ ಈಗ? ಪೋರ್ಟು ಹಳೇ 3 ಜಿಬಿಪಿಎಸ್‌ನದು ಅಂತ ಚಿಂತೆ ಬೇಡ. ಅದು ಸೆಕೆಂಡಿಗೆ ಹೆಚ್ಚುಕಮ್ಮಿ 300 ಎಂಬಿ ಸಾಗಿಸುತ್ತದೆ, ತಿರುಗೋ ಡಿಸ್ಕು ಅಷ್ಟು ವೇಗಕ್ಕೆ ಬರೋದೇ ಇಲ್ಲ.

ಜನ ಎಡವೋದು ಪವರ್ ಹತ್ತಿರ. ಕ್ಯಾಬಿನೆಟ್ ಒಳಗೆ ಕರೆಂಟ್ ಹಂಚೋ ಡಬ್ಬ, ಅಂದರೆ ಹಳೇ ಎಸ್‌ಎಂಪಿಎಸ್‌ನಲ್ಲಿ ಸಾಟಾ ಪವರ್ ವೈರು ಒಂದೋ ಎರಡೋ ಇರುತ್ತದೆ, ಮಿಕ್ಕಿದ್ದೆಲ್ಲ ನಾಲ್ಕು ಪಿನ್ನಿನ ಬಿಳಿ ಮೋಲೆಕ್ಸ್. ಆಗ ಮೋಲೆಕ್ಸನ್ನು ಸಾಟಾ ಮಾಡೋ ಕನ್ವರ್ಟರ್ ಬೇಕಾಗುತ್ತದೆ. ತರುವಾಗ ಸಾಟಾ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ವೈರುಗಳು ಒಂದೇ ಪ್ಲಾಸ್ಟಿಕ್ ಮುದ್ದೆಯೊಳಗೆ ಹೂತುಹೋಗಿದ್ದರೆ ವಾಪಸ್ ಇಡಿ. ಅಂಥವುಗಳ ಒಳಗೆ ವೈರುಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗಿ ಕನೆಕ್ಟರ್ ಸುಟ್ಟುಹೋಗಿರೋ ಉದಾಹರಣೆಗಳು ಬೇಕಾದಷ್ಟಿವೆ. ಒಂದೊಂದು ವೈರೂ ತನ್ನ ಪಿನ್ನಿಗೆ ಬೇರೆ ಬೇರೆಯಾಗಿ ಕಚ್ಚಿಕೊಂಡು, ಹಿಂದಿನ ಮುಚ್ಚಳ ಬಿಚ್ಚೋಕೆ ಬರುವಂಥದ್ದು ತಗೊಳ್ಳಿ. ನಾಲ್ಕು ಕಾಸು ಜಾಸ್ತಿ, ಅಷ್ಟೇ. ಮೈಸೂರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವವರ ಹತ್ತಿರ ಹೇಳಿ ತರಿಸಿ. 3.5 ಇಂಚಿನ ಡಿಸ್ಕು ತಿರುಗೋಕೆ ಶುರುವಾಗೋ ಆ ಕ್ಷಣಕ್ಕೆ 12 ವೋಲ್ಟಲ್ಲಿ 2 ಆಂಪಿಯರ್‌ವರೆಗೂ ಎಳೆಯುತ್ತದೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ಆಗಲೇ ಗೊರಗೊರ ಅನ್ನುತ್ತಿದ್ದರೆ ಮೊದಲು ಅದನ್ನು ಬದಲಾಯಿಸಿ.

ಡಿಸ್ಕನ್ನು ಕ್ಯಾಬಿನೆಟ್ಟಿನ ಕೇಜಿನಲ್ಲಿ (ಡಿಸ್ಕ್ ಕೂರಿಸೋ ಗೂಡು) ಕೂರಿಸಿ, ಎರಡೂ ಕಡೆ ಸ್ಕ್ರೂ ಹಾಕಿ. ಡಿವಿಡಿ ರೈಟರಿಂದ ತೆಗೆದ ಸ್ಕ್ರೂ ಇದಕ್ಕೆ ಕೂರಲ್ಲ, ಹಾರ್ಡ್ ಡಿಸ್ಕಿನದು ದಪ್ಪ ಮರೆಯದು. ಕೇಬಲ್ ಸಿಕ್ಕಿಸಿ ಆನ್ ಮಾಡಿ ಬಯಾಸಿಗೆ ಹೋಗಿ, ಬೂಟ್ ಸಾಲಿನಲ್ಲಿ ಹಳೇ ಡಿಸ್ಕೇ ಮೊದಲು ಇರಲಿ. ಇಲ್ಲದಿದ್ದರೆ ಖಾಲಿ ಡಿಸ್ಕಲ್ಲಿ ವಿಂಡೋಸ್ ಹುಡುಕಿ ಕಪ್ಪು ಸ್ಕ್ರೀನಲ್ಲಿ ನಿಂತುಬಿಡುತ್ತದೆ, ನೀವು ಹೊಸ ಡಿಸ್ಕನ್ನು ಬೈಯುತ್ತೀರಿ.

ವಿಂಡೋಸ್ ಬಂದ ಮೇಲೆ ಅದರಲ್ಲೇ ಇರೋ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಎಂಬಿಆರಾ ಜಿಪಿಟಿಯಾ ಅಂತ ಕೇಳುತ್ತದೆ, ಜಿಪಿಟಿ ಒತ್ತಿ. ಅವಸರದಲ್ಲಿ ಎಂಬಿಆರ್ ಒತ್ತಿದರೂ ಗಾಬರಿ ಬೇಡ, ಡಿಸ್ಕ್ ಖಾಲಿ ಇರುವಾಗ ರೈಟ್ ಕ್ಲಿಕ್ ಮಾಡಿ ಬದಲಾಯಿಸಬಹುದು. ಆಮೇಲೆ ನ್ಯೂ ಸಿಂಪಲ್ ವಾಲ್ಯೂಮ್, ಎನ್‌ಟಿಎಫ್‌ಎಸ್, ಕ್ವಿಕ್ ಫಾರ್ಮ್ಯಾಟ್. 4 ಟಿಬಿ ಅಂತ ಕೊಂಡದ್ದು 3.63 ಅಂತ ಕಾಣುತ್ತದೆ. ಅಂಗಡಿಯವನು ಮೋಸ ಮಾಡಿಲ್ಲ, ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಆದರೆ 3 ಟಿಬಿ ಡಿಸ್ಕು 746 ಜಿಬಿ ಅಂತ ಕಂಡರೆ ಅದು ಬೇರೆ ಕಥೆ. ಸಾಮಾನ್ಯವಾಗಿ ಹಳೇ ಸ್ಟೋರೇಜ್ ಡ್ರೈವರ್‌ಗೆ ಅಷ್ಟು ದೊಡ್ಡ ಡಿಸ್ಕ್ ಗೊತ್ತಿರಲ್ಲ. ಡ್ರೈವರ್ ಅಪ್‌ಡೇಟ್ ಮಾಡೋವರೆಗೂ ಒಂದು ಫೈಲೂ ಹಾಕಬೇಡಿ.

ಕಾಪಿ ಮಾಡೋದನ್ನು ರಾತ್ರಿ ಶುರು ಮಾಡಿ, ಯುಪಿಎಸ್ ಇದ್ದರೇ ಮಾಡಿ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ವಿಷಯ ಗೊತ್ತೇ ಇದೆಯಲ್ವಾ. ಮೌಸಲ್ಲಿ ಎಳೆದು ಬಿಡೋದಕ್ಕಿಂತ ವಿಂಡೋಸಲ್ಲೇ ಇರೋ ರೋಬೋಕಾಪಿ ಅನ್ನೋ ಕಮಾಂಡ್ ವಾಸಿ, ಮಧ್ಯೆ ನಿಂತರೆ ಮತ್ತೆ ಅದೇ ಕಮಾಂಡ್ ಕೊಟ್ಟರೆ ಆಗಲೇ ಹೋಗಿರೋ ಫೈಲು ಬಿಟ್ಟು ಮಿಕ್ಕಿದ್ದು ನಡೆಸುತ್ತದೆ. ಫೈಲೆಲ್ಲ ಹಳೇ ಡಿಸ್ಕಿನ ಡಿ ಡ್ರೈವಲ್ಲಿ ಇದ್ದವಾ? ಕಾಪಿ ಮುಗಿದ ಮೇಲೆ ಆ ಅಕ್ಷರವನ್ನು ಹೊಸದಕ್ಕೆ ಕೊಡಿ, ಹಳೆಯದಕ್ಕೆ ಬೇರೆ ಏನಾದರೂ ಇಡಿ. ಆಗ ಎಡಿಟಿಂಗ್ ಪ್ರಾಜೆಕ್ಟ್ ತೆರೆದಾಗ ಕ್ಲಿಪ್ ಸಿಗುತ್ತಿಲ್ಲ ಅನ್ನೋ ರಗಳೆ ಇರಲ್ಲ.

ಕೆಲವು ಬೋರ್ಡು ದೊಡ್ಡ ಡಿಸ್ಕ್ ಕಂಡ ಕೂಡಲೇ ಬಯಾಸಲ್ಲೇ ನಿಂತುಬಿಡುತ್ತವೆ, ಹೊಸ ಬಯಾಸ್ ಇದ್ದರೆ ಹಾಕಿ ನೋಡಿ. ಅದೂ ಆಗದಿದ್ದರೆ ಯುಎಸ್‌ಬಿ ಎನ್‌ಕ್ಲೋಷರ್, ಅಂದರೆ ಡಿಸ್ಕನ್ನು ಹೊರಗಿನಿಂದ ಯುಎಸ್‌ಬಿಗೆ ಜೋಡಿಸೋ ಡಬ್ಬಿ. ಈ ಬೋರ್ಡುಗಳ ಯುಎಸ್‌ಬಿ 2.0 ಸೆಕೆಂಡಿಗೆ 30-40 ಎಂಬಿ ದಾಟೋದು ಕಷ್ಟ, ಎಡಿಟಿಂಗಿಗೆ ಆಗಲ್ಲ, ಮುಗಿದ ಮದುವೆಗಳನ್ನು ಇಟ್ಟುಕೊಳ್ಳೋಕೆ ಸಾಕು. ಕೆಲವು ಎನ್‌ಕ್ಲೋಷರ್‌ಗಳು ಸೆಕ್ಟರ್ ಅಳತೆಯನ್ನು 4096 ಬೈಟ್ ಅಂತ ತೋರಿಸುತ್ತವೆ, ಅದರಲ್ಲಿ ಫಾರ್ಮ್ಯಾಟ್ ಆದ ಡಿಸ್ಕನ್ನು ಆಮೇಲೆ ನೇರ ಸಾಟಾಗೆ ಸಿಕ್ಕಿಸಿದರೆ ಫೈಲುಗಳು ಕಾಣಲ್ಲ. ಹಾಗಾದರೆ ಫಾರ್ಮ್ಯಾಟ್ ಒತ್ತದೆ ಮತ್ತೆ ಅದೇ ಎನ್‌ಕ್ಲೋಷರ್‌ಗೆ ಹಾಕಿ, ಎಲ್ಲ ಇದ್ದಲ್ಲೇ ಇರುತ್ತದೆ.