ಅಮೆರಿಕದ ರಸ್ತೆ ಸುರಕ್ಷತೆ ದುಡ್ಡು: ನಿಮ್ಮ ಬೀದಿಗೆ ತರಿಸಿಕೊಳ್ಳುವುದು ಹೇಗೆ?

ನಮ್ಮೂರಲ್ಲಾದರೆ ಶಾಲೆ ಮುಂದೆ ಅಪಘಾತ ಆದ ಮರುದಿನವೇ ಜನ ರಸ್ತೆ ತಡೆದು ಹಂಪ್ ಹಾಕಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿರುವ ಕನ್ನಡಿಗರು ಹಾಗೆ ಮಾಡುವ ಹಾಗಿಲ್ಲ, ಅಲ್ವಾ? ಅಲ್ಲಿ ದುಡ್ಡಿನ ಜಾಡು ಹಿಡಿಯಬೇಕು.

ಮೊದಲು ಗಂಟು ಯಾವುದು ಅಂತ ನೋಡಿ. ಫೆಡರಲ್ ಸರ್ಕಾರ ರಸ್ತೆ ಸುರಕ್ಷತೆಗಂತ ರಾಜ್ಯಗಳಿಗೆ ಕೊಡುವ ದುಡ್ಡಿನಲ್ಲಿ ಮುಖ್ಯವಾದವು ಎರಡು. ಫೆಡರಲ್ ಕಾನೂನಿನ ಸೆಕ್ಷನ್ 402ರ ಅನುದಾನ ಅನ್ನುವುದು ಸೀಟ್ ಬೆಲ್ಟ್, ಕುಡಿದು ಓಡಿಸುವುದು, ಅತಿ ವೇಗ ಇಂಥದ್ದಕ್ಕೆ. ಎಚ್‌ಎಸ್‌ಐಪಿ (ಹೈವೇ ಸೇಫ್ಟಿ ಇಂಪ್ರೂವ್‌ಮೆಂಟ್ ಪ್ರೋಗ್ರಾಂ) ಅನ್ನುವುದು ರಸ್ತೆಯನ್ನೇ ಸರಿಪಡಿಸಲು: ಗಾರ್ಡ್‌ರೇಲ್, ರಂಬಲ್ ಸ್ಟ್ರಿಪ್ (ಚಕ್ರ ಹತ್ತಿದರೆ ಗಡಗಡ ಸದ್ದು ಮಾಡುವ ಪಟ್ಟಿ), ಕ್ರಾಸಿಂಗ್. ಇದರಲ್ಲಿ ಸಾಮಾನ್ಯವಾಗಿ ಖರ್ಚಿನ 90% ಫೆಡರಲ್ ಪಾಲು.

ಆಮೇಲೆ ನಿಮ್ಮ ರಾಜ್ಯದ ಸ್ಟ್ರಾಟೆಜಿಕ್ ಹೈವೇ ಸೇಫ್ಟಿ ಪ್ಲಾನ್, ಅಂದರೆ ರಸ್ತೆ ಸುರಕ್ಷತೆಗೆ ರಾಜ್ಯ ಹಾಕಿಕೊಂಡ ಯೋಜನೆ, ಹುಡುಕಿ ಓದಿ. ಬೇಸರ ತರಿಸುವ ಓದು, ಆದರೂ ಬಿಡಬೇಡಿ. ನಿಮ್ಮ ತೊಂದರೆ ಆ ಪ್ಲಾನಿಗೆ ಹೊಂದದಿದ್ದರೆ ಎಚ್‌ಎಸ್‌ಐಪಿ ದುಡ್ಡು ಸಿಗುವುದಿಲ್ಲ.

ಈಗ ಈ ದುಡ್ಡು ಬಳಸುವ ನಿಯಮದ ಸಡಿಲಿಕೆಯ ವಿಷಯ. 2015ರ ಫೆಡರಲ್ ಕಾನೂನು ಎಚ್‌ಎಸ್‌ಐಪಿ ದುಡ್ಡನ್ನು ಜನಜಾಗೃತಿಗೆ, ಪೊಲೀಸ್ ತಪಾಸಣೆಗೆ ಬಳಸದಂತೆ ಬಾಗಿಲು ಹಾಕಿತ್ತು. 2021ರ ಕಾನೂನು ಅದನ್ನು ಸ್ವಲ್ಪ ತೆರೆಯಿತು: ವರ್ಷದ ಪಾಲಿನ 10% ತನಕ ರಾಜ್ಯ ಇಂಥ ಕೆಲಸಕ್ಕೆ ಹಾಕಬಹುದು, ಮಕ್ಕಳಿಗೆ ಶಾಲೆಗೆ ಸುರಕ್ಷಿತವಾಗಿ ನಡೆದು ಹೋಗುವುದನ್ನು ಕಲಿಸುವುದಕ್ಕೂ ಹಾಕಬಹುದು. ಇದು ಸರಿಯಾದದ್ದೇ ಅನ್ನುತ್ತೇನೆ, ಬರೀ ಸಿಮೆಂಟಿನಿಂದ ವೇಗ ತಗ್ಗುವುದಿಲ್ಲ. ಆದರೆ ಸಡಿಲಿಕೆಗೆ ಇನ್ನೊಂದು ಮುಖವೂ ಇದೆ. ಈ ದುಡ್ಡಿನ ಅರ್ಧದವರೆಗೆ ಬೇರೆ ಹೆದ್ದಾರಿ ಕಾರ್ಯಕ್ರಮಕ್ಕೆ ವರ್ಗಾಯಿಸುವ ಅವಕಾಶವೂ ರಾಜ್ಯಕ್ಕಿದೆ, ಅಂದರೆ ಸುರಕ್ಷತೆಗೆ ಬಂದದ್ದು ಡಾಂಬರಿಗೆ ಹೋದರೂ ಅದು ಕಾನೂನು ಪ್ರಕಾರವೇ. ನಿಮ್ಮ ರಾಜ್ಯ ಎಷ್ಟು ವರ್ಗಾಯಿಸಿದೆ ಅಂತ ಸಾರಿಗೆ ಇಲಾಖೆಯನ್ನು ಕೇಳಿ.

ನಿಮ್ಮ ಕೈಯಲ್ಲಿರುವ ಗಟ್ಟಿ ಹಿಡಿತ ಬೇರೆ. ರಸ್ತೆಯಲ್ಲಿ ಸಾಯುವವರಲ್ಲಿ ನಡೆದು ಹೋಗುವವರು, ಸೈಕಲ್ಲಿನವರು ಇಂಥವರ ಪಾಲು 15% ಮುಟ್ಟಿದರೆ, ಎಚ್‌ಎಸ್‌ಐಪಿಯ ಕನಿಷ್ಠ 15% ಅವರ ಸುರಕ್ಷತೆಗೇ ಇಡಬೇಕು. ಇಲ್ಲಿ ರಾಜ್ಯಕ್ಕೆ ಆಯ್ಕೆ ಇಲ್ಲ.

ಕೊನೆಗೆ, ಗವರ್ನರ್‌ಗೆ ಪತ್ರ ಬರೆದು ಸುಮ್ನೆ ಕಾಯಬೇಡಿ. ನಿಮ್ಮ ಸಿಟಿ ಅಥವಾ ಕೌಂಟಿ ಎಂಜಿನಿಯರ್ ಹತ್ತಿರ ಹೋಗಿ. ಹೋಗುವಾಗ ಆ ಜಾಗದ ಅಪಘಾತಗಳ ದಾಖಲೆ, ಶಾಲೆ ಬಿಡುವ ಹೊತ್ತಿನ ಫೋಟೊ, ಅಕ್ಕಪಕ್ಕದವರ ಸಹಿ ಜೊತೆಗಿರಲಿ.